ಕೊಟ್ರವ್ವ ಹೊತ್ತ ಮನೆಗಳು

ಕೊಟ್ರವ್ವ ಕಟ್ಟಡದ ಸಾರುವೆಯಿಂದ ಬಿದ್ದು ಎಂಟು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಬಾತಿ ಹಳ್ಳಿಯ ಅವಳ ಮನೆಯ ಮುಂದೆ ಕೂತು ವಕೀಲೆ ಅಂಕಿತಾ ಒಂದು ಕಾಗದ ಓದಿದಳು. ಗುತ್ತಿಗೆದಾರ ಬಕ್ಕೇಶ್ ಕೋರ್ಟಿಗೆ ಕೊಟ್ಟಿದ್ದ ಉತ್ತರ ಅದು. ಇಂಗ್ಲಿಷಿನಲ್ಲಿದ್ದ ಮೂರು ಪುಟವನ್ನು ಅವಳು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದಳು.

"ಈ ಅರ್ಜಿದಾರಳು ನನ್ನ ಹತ್ತಿರ ಯಾವತ್ತೂ ಕೆಲಸಕ್ಕಿದ್ದವಳಲ್ಲ. ಆಕೆಯ ಪರಿಚಯವೇ ನನಗಿಲ್ಲ. ಕಟ್ಟಡದ ಕೆಲಸ ಆಕೆಗೆ ಗೊತ್ತೂ ಇಲ್ಲ. ಆ ದಿನ ಒಲೆಗೆ ಕಟ್ಟಿಗೆ ಚೂರು ಆರಿಸಿಕೊಳ್ಳಲು ಯಾರನ್ನೂ ಕೇಳದೆ ಒಳಗೆ ಬಂದು, ಮೇಲೆ ಹತ್ತಿ, ಕಾಲು ಜಾರಿ ಬಿದ್ದಿದ್ದಾಳೆ."

ಕೊಟ್ರವ್ವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಲಗಾಲು ನೀಡಿಕೊಂಡು ಕೂತಿದ್ದಳು. ಸೊಂಟದಿಂದ ಮೊಣಕಾಲಿನವರೆಗೆ ಒಳಗೆ ರಾಡು ಇತ್ತು. ಅವಳ ಜೊತೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದ ಗಾರೆ ಮೇಸ್ತ್ರಿ ಅಲ್ಲಾಬಕ್ಷ್, ದಾವಣಗೆರೆಯಿಂದ ಬಸ್ಸಿನಲ್ಲಿ ಬಂದವನು, ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದ.

"ಅದೊಂದು ಸಾಲು ಇನ್ನೊಮ್ಮೆ ಹೇಳ್ರಿ ಮೇಡಂ," ಎಂದಳು ಕೊಟ್ರವ್ವ. "ಕೆಲಸ ಗೊತ್ತಿಲ್ಲ ಅಂಬೋದು."

ಅಂಕಿತಾ ಮತ್ತೆ ಹೇಳಿದಳು.

"ಪರಿಚಯ ಇಲ್ಲ ಅಂದ್ರೆ ಅನ್ಲಿ. ದೊಡ್ಡೋರು ಹೆಂಗಾರ ಅಂತಾರೆ. ಕೆಲಸ ಗೊತ್ತಿಲ್ಲ ಅಂದ್ರೆ ಹೆಂಗ್ರಿ? ಹಂಗಾರೆ ಇಷ್ಟು ವರ್ಷ ನಾ ತಲಿ ಮ್ಯಾಲೆ ಹೊತ್ತಿದ್ದು ಏನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಲ್ಲಾಬಕ್ಷ್‌ಗೆ ಅದೇ ಕಷ್ಟವಾಯಿತು.

ಆದದ್ದು ಇಷ್ಟು. ದಾವಣಗೆರೆಯ ಹದಡಿ ರಸ್ತೆಯ ಕಡೆ ಬಕ್ಕೇಶ್ ಒಂದು ಮೂರಂತಸ್ತಿನ ಮಳಿಗೆ ಕಟ್ಟಿಸುತ್ತಿದ್ದ. ಕಾರ್ತಿಕ ಮುಗಿಯುವ ಹೊತ್ತು. ಎರಡನೆಯ ಅಂತಸ್ತಿನ ಹೊರಗೋಡೆಗೆ ಪ್ಲಾಸ್ಟರ್ ನಡೆದಿತ್ತು. ಸರ್ವೆ ಕಂಬಗಳಿಗೆ ಹುರಿಹಗ್ಗ ಬಿಗಿದು, ಹಲಗೆ ಹಾಸಿ ಮಾಡಿದ್ದ ಸಾರುವೆಯ ಮೇಲೆ ಅಲ್ಲಾಬಕ್ಷ್ ನಿಂತಿದ್ದ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೊಟ್ರವ್ವ ಗಾರೆ ತುಂಬಿದ ಬಾಂಡ್ಲಿ ಹೊತ್ತು ಹಲಗೆಯ ತುದಿಗೆ ಕಾಲಿಟ್ಟಳು. ಆ ತುದಿಯ ಗಂಟು ಜಾರಿ ಹಲಗೆ ವಾಲಿತು. ಅವಳು ಬಾಂಡ್ಲಿ ಬಿಡಲಿಲ್ಲ. ಬಿಟ್ಟು ಕಂಬ ಹಿಡಿದಿದ್ದರೆ ಬೀಳುತ್ತಿರಲಿಲ್ಲವೇನೋ. ಕೆಳಗೆ ಇಟ್ಟಿಗೆ ಒಟ್ಟಿದ್ದರು.

ಬಕ್ಕೇಶನೇ ತನ್ನ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದ. ಮೊದಲ ವಾರದ ಖರ್ಚನ್ನೂ ನೋಡಿಕೊಂಡ. ಆಮೇಲೆ ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದರು. ಕೂಲಿಕಾರರಿಗೆ ವಿಮೆ ಮಾಡಿಸಿರಲಿಲ್ಲ, ಯಾರ ಹೆಸರೂ ಹಾಜರಿಯಲ್ಲಿರಲಿಲ್ಲ. ಒಪ್ಪಿಕೊಂಡರೆ ಎಲ್ಲ ಮೈಮೇಲೆ ಬರುತ್ತದೆ ಎಂದು ಹೆದರಿ ಬರುವುದನ್ನೇ ನಿಲ್ಲಿಸಿದ. ಕೊಟ್ರವ್ವನ ತಂಗಿ ಮರಿಯವ್ವ ಮಹಿಳಾ ಸಂಘದ ಹೆಂಗಸರ ಜೊತೆ ಕೋರ್ಟಿನ ಆವರಣದಲ್ಲಿದ್ದ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಅವರು ಈ ಅಂಕಿತಾಳನ್ನು ನೇಮಿಸಿದರು. ವಕೀಲಿ ಶುರುಮಾಡಿ ನಾಲ್ಕು ವರ್ಷವಾಗಿದ್ದ ಹುಡುಗಿ.

ಅಲ್ಲಾಬಕ್ಷ್ ಯಾರಿಗೂ ಹೇಳದ ಮಾತೊಂದು ಇತ್ತು. ಆ ದಿನ ಬೆಳಿಗ್ಗೆಯೇ ಅವನು ಆ ಗಂಟನ್ನು ನೋಡಿದ್ದ. ಸ್ವಲ್ಪ ಸಡಿಲಾಗಿದೆ, ಚಹಾ ಕುಡಿದು ಬಂದು ಬಿಗಿಯೋಣ ಎಂದುಕೊಂಡಿದ್ದ. ಚಹಾ ಕುಡಿದು ಬರುವಷ್ಟರಲ್ಲಿ ಗಾರೆ ಕಲಸಿಯಾಗಿತ್ತು. ಕಲಸಿದ ಗಾರೆ ಯಾರಿಗೂ ಕಾಯುವುದಿಲ್ಲ. ಕರಣೆ ಕೈಗೆ ಬಂದ ಮೇಲೆ ಗಂಟು ಮರೆತೇಹೋಯಿತು.

"ಮೇಸ್ತ್ರಿ," ಎಂದಳು ಅಂಕಿತಾ. "ಇವರು ಮೊದಲಿಂದ ಗಾರೆ ಕೆಲಸದಾಗೇ ಇದ್ರು ಅನ್ನೋದಕ್ಕೆ ಏನಾದ್ರೂ ಐತಾ? ಕಾರ್ಡು, ಚೀಟಿ, ಯಾರಾದ್ರೂ ಬರೆದುಕೊಟ್ಟಿದ್ದು?"

"ನಮ್ಗೆ ಯಾರು ಬರ್ಕೊಡ್ತಾರ್ರಿ ಮೇಡಂ. ಶನಿವಾರ ಕೈಗೆ ಕೊಡ್ತಿದ್ರು, ಸೋಮವಾರ ಮತ್ತೆ ಬರ್ತಿದ್ವಿ."

"ಹಂಗಾದ್ರೆ ನೀವು ಕಟ್ಟಿದ ಮನೆಗಳಾದ್ರೂ ಅದಾವಲ್ಲ. ಆ ಮನೆಯೋರು ಇವರನ್ನ ನೋಡಿರ್ತಾರೆ."

ಕೊಟ್ರವ್ವ ಕೂತಲ್ಲೇ ನೆಟ್ಟಗಾದಳು. "ಅದಾವ್ರಿ. ಬೇಕಾದಷ್ಟು ಅದಾವೆ. ನಾನೂ ಬರ್ತೀನಿ."

*

ಕೊಟ್ರವ್ವ ಅಲ್ಲಾಬಕ್ಷ್‌ನ ಜೊತೆ ಕೆಲಸಕ್ಕೆ ಬಂದಾಗ ಅವಳಿಗೆ ಇಪ್ಪತ್ತಾರು ವರ್ಷ, ಅವನಿಗೆ ಮೂವತ್ತಾರು. ಗಂಡ ಸತ್ತು ಆರು ತಿಂಗಳಾಗಿತ್ತು. ಬಾತಿಯಿಂದ ಮೊದಲ ಬಸ್ಸಿಗೆ ಬಂದು, ಕೂಲಿಯವರು ನಿಲ್ಲುವ ಸರ್ಕಲ್ಲಿನಲ್ಲಿ ಬುತ್ತಿ ಗಂಟು ಹಿಡಿದು ನಿಂತಿದ್ದಳು. ಆಗಿನ ಗುತ್ತಿಗೆದಾರ ಬಕ್ಕೇಶನ ಅಪ್ಪ ತಿಪ್ಪೇರುದ್ರಪ್ಪ, ಈಗ ಇಲ್ಲ. ಸೈಕಲ್ಲಿನಲ್ಲಿ ಬಂದು ಆಳು ಆರಿಸುತ್ತಿದ್ದ ಮನುಷ್ಯ. ಇವಳ ತೆಳ್ಳನೆಯ ಕೈ ನೋಡಿ ಅನುಮಾನಿಸಿ, "ಒಂದು ದಿನ ನೋಡಾಣ ಬಾರವ್ವ," ಎಂದು ಕರೆದುಕೊಂಡು ಹೋದ.

ಆ ಒಂದು ದಿನ ಮುಗಿಯಲೇ ಇಲ್ಲ. ಮೂರು ತಿಂಗಳಲ್ಲಿ ಅವಳು ಗಾರೆಯ ಹದ ಕಲಿತಳು. ಅಡಿಪಾಯಕ್ಕೆ ಎಷ್ಟು ಮರಳು, ಗೋಡೆಗೆ ಎಷ್ಟು, ಪ್ಲಾಸ್ಟರಿಗೆ ಎಷ್ಟು ಸಣ್ಣಗೆ ಜರಡಿ ಹಿಡಿಯಬೇಕು ಎಂದು ಯಾರೂ ಹೇಳಬೇಕಿರಲಿಲ್ಲ. ಅಲ್ಲಾಬಕ್ಷ್ ಹಿಂದಕ್ಕೆ ಕೈ ಚಾಚಿದರೆ ಬಾಂಡ್ಲಿ ಅಲ್ಲಿರುತ್ತಿತ್ತು. ಗಾರೆ ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುತ್ತಿತ್ತು. ಇಡೀ ದಿನ ಇಬ್ಬರೂ ಹತ್ತು ಮಾತು ಆಡುತ್ತಿದ್ದರೋ ಇಲ್ಲವೋ. ರಂಜಾನಿನ ತಿಂಗಳಲ್ಲಿ ಅವನು ನೀರೂ ಕುಡಿಯದೆ ಗೋಡೆ ಕಟ್ಟುವಾಗ ಅವಳು ತನ್ನ ಬುತ್ತಿಯನ್ನು ಮರಳಿನ ಗುಡ್ಡೆಯ ಆಚೆ ಕೂತು ಉಣ್ಣುತ್ತಿದ್ದಳು. ಯಾಕೆ ಅಷ್ಟು ದೂರ ಹೋಗ್ತೀಯಾ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತಿಪ್ಪೇರುದ್ರಪ್ಪ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಾರುವೆಯ ಒಂದೊಂದು ಹಗ್ಗಕ್ಕೂ ಮೈಭಾರ ಹಾಕಿ ಜಗ್ಗಿ ನೋಡುತ್ತಿದ್ದ. ಜಗ್ಗಿದ ಮೇಲೆಯೇ "ಹತ್ರಿ ಇನ್ನ" ಅನ್ನುತ್ತಿದ್ದ. ಸಂಜೆ ಐದಕ್ಕೆ ಗಾಡಿಯವನಿಂದ ಮಂಡಕ್ಕಿ ಮಿರ್ಚಿ ತರಿಸಿ, ಕಾಗದ ಹಾಸಿ, ಆಳುಗಳ ನಡುವೆಯೇ ಕೂರುತ್ತಿದ್ದ. ಆಗ ಊರಿನ ಹೊರಗೆಲ್ಲ ಜೋಳದ ಹೊಲಗಳಿದ್ದವು. ಕೆರೆಯ ಕಡೆಯಿಂದ ಗಾಳಿ ಬಂದರೆ ಹಸಿ ಗೋಡೆಯ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ಅಲ್ಲಾಬಕ್ಷ್‌ಗೆ ಈಗಲೂ ಹಸಿ ಸಿಮೆಂಟಿನ ವಾಸನೆ ಬಂದರೆ ಮೊದಲು ನೆನಪಾಗುವುದು ಆ ಸಂಜೆಗಳು.

*

ಮುಂದಿನ ಭಾನುವಾರ ಮೂವರೂ ಒಂದು ಆಟೋ ಮಾಡಿಕೊಂಡು ಹೊರಟರು. ಕೊಟ್ರವ್ವ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ತುದಿಗೆ ಕೂತಿದ್ದಳು. ಸೀರೆಗೆ ಇಸ್ತ್ರಿ ಹಾಕಿಸಿದ್ದಳು. ದಾವಣಗೆರೆಯ ಬೀದಿಗಳಲ್ಲಿ ಹೋಗುತ್ತಾ ಅವಳೇ ಬೆರಳು ಮಾಡಿ ತೋರಿಸುತ್ತಿದ್ದಳು.

"ಅದು ನೋಡ್ರಿ ಮೇಡಂ, ಹಸಿರು ಗೇಟಿಂದು. ಮಳಿಗಾಲದಾಗ ಕಟ್ಟಿದ್ದು, ತಾಡಪಾಲು ಹಿಡ್ಕೊಂಡೇ ಅರ್ಧ ಗ್ವಾಡೆ ಎಬ್ಬಿಸಿದ್ವಿ. ಆ ಮೂಲೆ ಮನಿ ಬಾವಿ ಕಟ್ಟೆಗೆ ನಾನೇ ಕಲ್ಲು ಹೊತ್ತಿದ್ದು. ಈಗ ಬಾವಿ ಮುಚ್ಚಿದಾರೆ ಬಿಡ್ರಿ."

ಹಸಿರು ಗೇಟಿನ ಮನೆಯ ಯಜಮಾನ ಅಲ್ಲಾಬಕ್ಷ್‌ನನ್ನು ಕಂಡ ಕೂಡಲೇ ಗುರುತಿಸಿದ. ಒಳಗೆ ಕರೆದು ಕೂರಿಸಿ, ಕಿಟಕಿ ಮೇಲಿನ ಯಾವ ಸಜ್ಜೆಯಲ್ಲೂ ಇವತ್ತಿನವರೆಗೆ ಒಂದು ಹನಿ ನೀರು ಸೋರಿಲ್ಲ ಎಂದು ಹೊಗಳಿದ. ಅಂಕಿತಾ ಕೊಟ್ರವ್ವನ ಕಡೆ ತೋರಿಸಿ ಕೇಳಿದಳು. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ಹೆಣ್ಣಾಳು ಇದ್ರು ಬಿಡ್ರಿ, ಮೂರ್ನಾಲ್ಕು ಜನ. ಯಾರು ಯಾರು ಅಂತ ಹೆಂಗೆ ನೆನಪಿರ್ತದೆ. ಮೇಸ್ತ್ರಿ ಆದ್ರೆ ನೆನಪಿರ್ತಾರೆ."

ಎರಡನೆಯ ಮನೆಯನ್ನು ಮಾರಿಬಿಟ್ಟಿದ್ದರು. ಮೂರನೆಯದು ಇರಲೇ ಇಲ್ಲ. ಅಲ್ಲಿ ತಗಡಿನ ಬೇಲಿ ಹಾಕಿ, ದೊಡ್ಡ ಹಳ್ಳ ತೆಗೆದಿದ್ದರು. ಅಲ್ಲಾಬಕ್ಷ್ ಆಟೋದಿಂದ ಇಳಿದು ಬೇಲಿಯ ಸಂದಿನಲ್ಲಿ ಇಣುಕಿದ. ಒಂದು ಮೂಲೆಯಲ್ಲಿ ಹಳೆಯ ಗೋಡೆಯ ತುಂಡೊಂದು ಇನ್ನೂ ಬಿದ್ದಿತ್ತು, ಒಂದೇ ಸಮ ಸಾಲುಗಟ್ಟಿದ ಇಟ್ಟಿಗೆ. ಯಾವ ವರ್ಷ, ಯಾವ ತಿಂಗಳು ಎಂದೂ ಅವನಿಗೆ ನೆನಪಿತ್ತು. ಅವನ ಮಗಳು ಸುಮೈರಾ ಹುಟ್ಟಿದ ಸುದ್ದಿ ಬಂದದ್ದು ಆ ಗೋಡೆಯ ಮೇಲೆ ನಿಂತಿದ್ದಾಗ. ಮತ್ತೆ ಬಂದು ಆಟೋದಲ್ಲಿ ಕೂತ.

ನಾಲ್ಕನೆಯ ಮನೆಯಲ್ಲೂ ಅದೇ ಮಾತು. "ಮೇಸ್ತ್ರಿ ಗೊತ್ತು. ಈಯಮ್ಮ ಗೊತ್ತಿಲ್ಲ." ಈ ಸಲ ಕೊಟ್ರವ್ವ ಆಟೋದಿಂದ ಇಳಿದಿರಲಿಲ್ಲ. ಇಳಿಯದೆಯೇ ಅವಳಿಗೆ ಅರ್ಥವಾಯಿತು.

"ತಲಿ ಮ್ಯಾಲೆ ಬಾಂಡ್ಲಿ ಇದ್ರೆ ಮುಖ ಯಾರಿಗೆ ಕಾಣ್ತೈತ್ರಿ ಮೇಡಂ," ಎಂದಳು. "ನಡೀರಿ, ಮನಿಗೆ ಹೋಗಾಣ."

ಅಂಕಿತಾ ಅಲ್ಲಾಬಕ್ಷ್‌ನ ಮುಖ ನೋಡಿದಳು. ಅವನು ಸ್ವಲ್ಪ ಯೋಚಿಸಿ, ಆಟೋದವನಿಗೆ, "ಹರಿಹರಕ್ಕೆ ಬಿಡಪ್ಪ," ಎಂದ. "ಟೀಚರಮ್ಮನ ಮನೆ ಒಂದೈತೆ. ಅವರು ಇದ್ದಾರೋ ಇಲ್ಲೋ ಗೊತ್ತಿಲ್ಲ."

ಹರಿಹರದಲ್ಲಿ ಆ ಮನೆ ಕಟ್ಟಿದಾಗ ಊರಿನ ದೊಡ್ಡ ಕಾರ್ಖಾನೆ ಇನ್ನೂ ನಡೆಯುತ್ತಿತ್ತು. ಬೆಳಿಗ್ಗೆ ಸೈರನ್ ಕೂಗಿದರೆ ಊರಿಗೆ ಊರೇ ಗಡಿಯಾರ ತಿದ್ದಿಕೊಳ್ಳುತ್ತಿತ್ತು, ಸೈಕಲ್ಲುಗಳ ಸಾಲು ಹೊಳೆ ಹರಿದ ಹಾಗೆ ಹೋಗುತ್ತಿತ್ತು. ಶಾಂತಕುಮಾರಿ ಟೀಚರ ಗಂಡ ಅಲ್ಲಿ ಕೆಲಸಕ್ಕಿದ್ದವರು. ಎರಡು ಕೋಣೆಯ ಪುಟ್ಟ ಮನೆಗೆ ಅವರಿಬ್ಬರೂ ಸೇರಿಸಿಟ್ಟಿದ್ದನ್ನೆಲ್ಲ ಸುರಿದಿದ್ದರು. ಇಟ್ಟಿಗೆಗೆ ನೀರು ಹಾಕಲು ಟೀಚರೇ ಸ್ಕೂಲು ಬಿಟ್ಟ ಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ನಿಲ್ಲುತ್ತಿದ್ದರು.

ಹೊಳೆಯ ಕಡೆಗಿನ ಆ ಬೀದಿ ಈಗ ಗುರುತು ಸಿಗದಷ್ಟು ಇಕ್ಕಟ್ಟಾಗಿತ್ತು. ಆದರೂ ಮನೆ ಹಾಗೇ ಇತ್ತು, ಮೇಲೊಂದು ಅಂತಸ್ತು ಬೆಳೆದಿತ್ತು ಅಷ್ಟೆ. ಬಾಗಿಲು ತೆಗೆದವರು ಶಾಂತಕುಮಾರಿಯೇ. ಕನ್ನಡಕದ ಮೇಲಿಂದ ಅಲ್ಲಾಬಕ್ಷ್‌ನನ್ನು ನೋಡಿದರು. ಅವನು ಸಲಾಮು ಮಾಡುವ ಮೊದಲೇ ಅವನನ್ನು ದಾಟಿ, ಆಟೋದಲ್ಲಿ ಕೂತಿದ್ದವಳ ಕಡೆ ಹೋದರು.

"ಕೊಟ್ರವ್ವ ಅಲ್ಲೇನೇ ನೀನು?"

ಕೊಟ್ರವ್ವ ಊರುಗೋಲು ಹಿಡಿದು ಮುಂದಕ್ಕೆ ಬಾಗಿದಳು.

"ನಮ್ಮ ಮನೆಯೋರಿಗೆ ಜ್ವರ ಬಂದು ನಾನು ಎರಡು ದಿನ ಬರಲಿಲ್ಲ, ಆಗ ಗೋಡೆಗೆ ನೀರು ಹಾಕ್ದೋಳು ನೀನೇ ಅಲ್ಲೇನು? ಕೊನೇ ಬಸ್ಸು ತಪ್ಪಿಸ್ಕೊಂಡು, ಇಲ್ಲೇ ಹಿತ್ತಲಲ್ಲಿ ಮಲಗಿದ್ದೆ. ಬಾ, ಇಳಿ. ಕಾಲಿಗೇನಾತು?"

ಒಳಗೆ ಚಹಾ ಬಂತು. ಅಂಕಿತಾ ವಿಷಯ ಹೇಳಿದಳು. ಟೀಚರು ಕೇಳಿಸಿಕೊಂಡು, ಎದ್ದು ಹೋಗಿ, ಬೀರುವಿನಿಂದ ದಪ್ಪನೆಯ ಆಲ್ಬಮ್ಮೊಂದನ್ನು ತಂದರು. ಗೃಹಪ್ರವೇಶದ ಫೋಟೋಗಳು. ಹೊಸ ಹೊಸ್ತಿಲು, ಮಾವಿನ ತೋರಣ, ಹಾಲು ಉಕ್ಕಿಸುತ್ತಿದ್ದ ಚಿಕ್ಕ ವಯಸ್ಸಿನ ಟೀಚರು. ಐದಾರು ಪುಟ ತಿರುವಿದ ಮೇಲೆ ಕೆಲಸಗಾರರಿಗೆ ಹೊಸಬಟ್ಟೆಯ ಆಯೇರಿ ಕೊಟ್ಟ ಫೋಟೋ ಬಂತು. ಅಲ್ಲಾಬಕ್ಷ್ ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡು ನಿಂತಿದ್ದ, ಗಡ್ಡ ಕಪ್ಪಗಿತ್ತು. ಪಕ್ಕದಲ್ಲಿ ತಿಪ್ಪೇರುದ್ರಪ್ಪ ಎರಡೂ ಕೈಯಲ್ಲಿ ಒಂದು ಸೀರೆ ಹಿಡಿದು ಕೊಟ್ರವ್ವನಿಗೆ ಕೊಡುತ್ತಿದ್ದ. ಏನೋ ತಮಾಷೆ ಮಾಡಿ ತಾನೇ ನಗುತ್ತಿದ್ದ. ಕೊಟ್ರವ್ವ ಸೀರೆ ತೆಗೆದುಕೊಳ್ಳುತ್ತಾ ನಾಚಿ ತಲೆ ಬಗ್ಗಿಸಿದ್ದಳು.

"ನಾನೇ ಹೇಳಿದ್ದೆ ತಿಪ್ಪೇರುದ್ರಪ್ಪೋರಿಗೆ, ನಿಮ್ಮ ಕೈಯಿಂದ ಕೊಡ್ರಿ ಅಂತ," ಎಂದರು ಟೀಚರು.

ಕೊಟ್ರವ್ವ ಆಲ್ಬಮ್ಮನ್ನು ಮಡಿಲಿಗೆ ಎಳೆದುಕೊಂಡು, ಬಹಳ ಹೊತ್ತು ನೋಡಿದಳು. ಅವಳಿಗೆ ತನ್ನ ಆ ವಯಸ್ಸಿನ ಫೋಟೋ ಇನ್ನೊಂದು ಇರಲಿಲ್ಲ.

"ಅಲ್ರಿ ಮೇಸ್ತ್ರಿ," ಎಂದಳು ಕೊನೆಗೆ, "ನನ್ನ ಜಡಿ ಇಷ್ಟು ಉದ್ದ ಇತ್ತಾ?"

ಬರುವಾಗ ಟೀಚರು ಫೋಟೋವನ್ನು ಆಲ್ಬಮ್ಮಿನಿಂದ ಬಿಡಿಸಿ ಅಂಕಿತಾಳ ಕೈಗೆ ಕೊಟ್ಟರು. ಕೋರ್ಟಿಗೆ ಬಂದು ಹೇಳುತ್ತೇನೆಂದೂ ಅಂದರು.

*

ದಾರಿಯಲ್ಲಿ ಅಂಕಿತಾ ನಿಜವನ್ನೇ ಹೇಳಿದಳು. "ಈ ಫೋಟೋದಿಂದ ಇವರು ಕಟ್ಟಡದ ಕೆಲಸದೋರು ಅಂತಾಗುತ್ತೆ, ಬಕ್ಕೇಶ್ ಅವರ ಮನೆತನಕ್ಕೆ ಗೊತ್ತಿದ್ದೋರು ಅಂತಾಗುತ್ತೆ. ಆದ್ರೆ ಇದು ಹಳೇದು. ಬಿದ್ದ ದಿನ ಅವರ ಕೈಕೆಳಗೇ ಕೆಲಸ ಮಾಡ್ತಿದ್ರು ಅನ್ನೋದನ್ನ ಕಣ್ಣಾರೆ ಕಂಡೋರು ಹೇಳ್ಬೇಕು. ಅದು ನೀವೇ, ಮೇಸ್ತ್ರಿ."

ಅಲ್ಲಾಬಕ್ಷ್ ತನ್ನ ಬೀದಿ ಬರುವ ಮೊದಲೇ ಆಟೋ ನಿಲ್ಲಿಸಿ ಇಳಿದುಕೊಂಡ.

ಅವನ ಮನೆ ಆಜಾದ್ ನಗರದಲ್ಲಿ. ಎರಡು ದಿನ ಬಿಟ್ಟು ಬಕ್ಕೇಶ್ ಅಲ್ಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹಾಸಿದ ಚಾಪೆಯ ಮೇಲೆಯೇ ಕೂತ. ನಲವತ್ತು ದಾಟಿದ ಮನುಷ್ಯ, ನಿದ್ದೆಗೆಟ್ಟವನ ಹಾಗೆ ಕಂಡ.

"ಮೇಸ್ತ್ರಿ, ನಾ ನಿಮ್ಮ ಕೈ ಹಿಡ್ಕೊಂಡು ಕೆಲಸ ಕಲ್ತೋನು. ನಿಮ್ಗೆ ಸುಳ್ಳು ಹೇಳ್ರಿ ಅನ್ನಲ್ಲ. ಕೋರ್ಟಿಗೆ ಬರಬ್ಯಾಡ್ರಿ ಅಷ್ಟೆ. ಮೈಗೆ ಹುಷಾರಿಲ್ಲ ಅಂದ್ಬಿಡ್ರಿ. ಆಯಮ್ಮಂಗೆ ನಾ ಹೊರಗಿಂದ ಏನಾದ್ರೂ ನೋಡ್ಕೋತೀನಿ."

"ಕಟ್ಟಿಗೆ ಆರಿಸೋಕೆ ಬಂದಿದ್ಲು ಅಂತ ಬರ್ಸಿದ್ದು ಯಾಕಪ್ಪ?"

ಬಕ್ಕೇಶ್ ತಲೆ ತಗ್ಗಿಸಿದ. "ವಕೀಲ್ರು ಹಂಗ್ ಬರೀಬೇಕು ಅಂದ್ರು." ಸ್ವಲ್ಪ ತಡೆದು, "ಇನ್ನೊಂದು ಮಾತು. ಆ ಸಾರುವೆ ಕಟ್ಟಿಸಿದ್ದು ನೀವೇ ಅಲ್ಲೇನ್ರಿ? ನೀವು ಬಂದು ನಿಂತ್ರೆ ನಮ್ಮ ವಕೀಲ್ರು ಅದನ್ನೇ ಕೇಳ್ತಾರೆ. ಈ ವಯಸ್ಸಿಗೆ ನಿಮ್ಗೆ ಯಾಕ ಆ ತ್ರಾಸು."

ಅವನು ಹೋದ ಮೇಲೆ ಅಲ್ಲಾಬಕ್ಷ್‌ನ ಹೆಂಡತಿ ಮೆಹರ್ ಬಾನು ಅಡುಗೆಮನೆಯಿಂದ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಮನೆಯ ಉರ್ದುವಿನಲ್ಲಿ ಒಂದೇ ಮಾತು ಕೇಳಿದಳು. ಇಷ್ಟು ದಿನದಿಂದ ಊಟ ಸೇರುತ್ತಿಲ್ಲವಲ್ಲ, ಅದು ಆ ಸಾರುವೆಯ ಕಾರಣಕ್ಕೇನು?

ಅಲ್ಲಾಬಕ್ಷ್ ಅವಳಿಗೆ ಗಂಟಿನ ವಿಷಯ ಹೇಳಿದ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹೇಳಬೇಕಾದದ್ದು ನನಗಲ್ಲ, ಅವಳಿಗೆ, ಎಂದಳು.

ಮಾರನೆಯ ದಿನ ಅವನು ಬಾತಿಗೆ ಹೋದ. ಅಂಕಿತಾ ಅಲ್ಲಿಯೇ ಇದ್ದಳು, ಕೊಟ್ರವ್ವನ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡು ಅವನು ನಿಂತೇ ಹೇಳಿದ. ಗಂಟು ಸಡಿಲಾಗಿದ್ದದ್ದು, ತಾನು ನೋಡಿದ್ದು, ಮರೆತದ್ದು.

"ತಪ್ಪು ನಂದು ಮೇಡಂ. ಬಕ್ಕೇಶಪ್ಪಂದಲ್ಲ. ಕೋರ್ಟಿನಾಗ ಅದನ್ನೂ ಹೇಳ್ಬೇಕಾಗ್ತೈತೆ. ಹೇಳಿದ್ರೆ ಇವ್ಳಿಗೆ ಸಿಗೋದೂ ತಪ್ತದೇನೋ ಅಂತ ನನ್ಗೆ ಹೆದ್ರಿಕೆ."

ಅಂಕಿತಾ ಪೆನ್ನು ಕೆಳಗಿಟ್ಟಳು. "ಕೂಡ್ರಿ ಮೇಸ್ತ್ರಿ. ಈ ಕಾಯ್ದೆ ತಪ್ಪು ಯಾರದು ಅಂತ ಕೇಳಲ್ಲ. ಕೆಲಸದ ಹೊತ್ತಿನಾಗ, ಕೆಲಸದ ಕಾರಣಕ್ಕೆ ಪೆಟ್ಟಾತಾ? ಆಗಿದ್ರೆ ಕೆಲಸ ಕೊಟ್ಟೋನು ಪರಿಹಾರ ಕೊಡ್ಬೇಕು. ಕುಡಿದು ಬಂದಿದ್ರೆ, ಬೇಕಂತ್ಲೇ ಕಟ್ಟಲೆ ಮೀರಿದ್ರೆ ಅದು ಬೇರೆ ಮಾತು. ಜೊತೆ ಕೆಲಸದೋನು ಹಗ್ಗ ಬಿಗೀಲಿಲ್ಲ ಅಂದ್ರೂ ಇವರ ಹಕ್ಕು ಹೋಗಲ್ಲ. ಹಗ್ಗ ನೋಡೋಕೆ ಒಬ್ರನ್ನ ಇಡೋದು, ಬೆಲ್ಟು ಕೊಡೋದು, ವಿಮೆ ಮಾಡಿಸೋದು, ಅದೆಲ್ಲ ಗುತ್ತಿಗೆ ಹಿಡಿದೋರ ಜವಾಬ್ದಾರಿ."

ಅಲ್ಲಾಬಕ್ಷ್ ಕೂತ. ಅರವತ್ತೈದನೆಯ ವಯಸ್ಸಿನಲ್ಲಿ, ಹೆಂಗಸರ ಮುಂದೆ, ಅವನ ಕಣ್ಣು ಒದ್ದೆಯಾಯಿತು.

ಕೊಟ್ರವ್ವ ಅವನನ್ನೇ ನೋಡುತ್ತಿದ್ದಳು.

"ಗಂಟು ನಾನೂ ನೋಡಿದ್ದೆ ಮೇಸ್ತ್ರಿ," ಎಂದಳು. "ನೀವು ಚಾ ಕುಡ್ಯಾಕೆ ಇಳಿದಾಗ್ಲೇ ನೋಡಿದ್ದೆ. ಸಂಜೀತನ ತಡೀತೈತೆ ಅನ್ಕಂಡೆ. ಇಬ್ರೂ ಒಂದೇ ತಪ್ಪು ಮಾಡೀವಿ. ಇನ್ನ ಅದನ್ನ ಹೊತ್ಕಂಡು ತಿರುಗಬ್ಯಾಡ್ರಿ."

*

ದೀಪಾವಳಿ ಕಳೆದು ವಿಚಾರಣೆ ಬಂತು. ಶಾಂತಕುಮಾರಿ ಟೀಚರು ಹರಿಹರದಿಂದ ಬಸ್ಸಿನಲ್ಲಿ ಬಂದು, ಪಾಠ ಹೇಳುವ ಹಾಗೆ ಸ್ಪಷ್ಟವಾಗಿ ಸಾಕ್ಷಿ ಹೇಳಿದರು. ಆಮೇಲೆ ಅಲ್ಲಾಬಕ್ಷ್‌ನ ಸರದಿ. ಕಟಕಟೆಯ ಮರ ನಯವಾಗಿತ್ತು. ಅವನ ಕೈ ತಾನಾಗಿಯೇ ಅದರ ಅಂಚನ್ನು ಸವರಿ, ಮಟ್ಟ ನೋಡಿತು.

ಕೇಳಿದ್ದಕ್ಕೆಲ್ಲ ಅವನು ಚಿಕ್ಕದಾಗಿ ಉತ್ತರ ಕೊಟ್ಟ. ಆ ದಿನ ಎಷ್ಟು ಜನ ಇದ್ದರು, ಯಾರು ಯಾವ ಕೆಲಸದಲ್ಲಿದ್ದರು, ಶನಿವಾರ ಯಾರ ಕೈಯಿಂದ ಕೂಲಿ ಬರುತ್ತಿತ್ತು. ಬಕ್ಕೇಶನ ಪರ ವಕೀಲರು ಎದ್ದು ನಿಂತರು.

"ಸಾರುವೆ ಕಟ್ಟಿಸಿದ್ದು ನೀವೇ?"

"ಹೌದ್ರಿ."

"ಆ ಗಂಟು ಸಡಿಲ ಇದ್ದದ್ದು ನಿಮಗೆ ಗೊತ್ತಿತ್ತು?"

"ಗೊತ್ತಿತ್ರಿ. ಬಿಗಿಯೋದು ಮರೆತೆ."

ವಕೀಲರಿಗೆ ಅಷ್ಟು ಸುಲಭದ ಉತ್ತರ ಬೇಕಿರಲಿಲ್ಲ. "ಅಂದರೆ ನಿಮ್ಮ ತಪ್ಪಿನಿಂದ ಆಕೆ ಬಿದ್ದಳು."

"ನನ್ನ ತಪ್ಪು ಐತ್ರಿ. ಆದ್ರೆ ಆಕಿ ಬಿದ್ದದ್ದು ಗಾರಿ ಬಾಂಡ್ಲಿ ಹೊತ್ಕಂಡು. ಕಟ್ಟಿಗಿ ಹೊತ್ಕಂಡಲ್ಲ. ಆಸ್ಪತ್ರ್ಯಾಗ ಆಕಿ ಸೀರಿ ತುಂಬಾ ಗಾರಿ ಇತ್ತು. ಬಕ್ಕೇಶಪ್ಪನ ಕಾರಿನ ಸೀಟಿಗೂ ಹತ್ತಿತ್ತು, ಬೇಕಾದ್ರೆ ಅವರನ್ನ ಕೇಳ್ರಿ."

ನ್ಯಾಯಾಧೀಶರು ಬಕ್ಕೇಶನ ಕಡೆ ನೋಡಿದರು.

ಆ ಮಧ್ಯಾಹ್ನ ಬಕ್ಕೇಶನೂ ಕಟಕಟೆಗೆ ಬರಬೇಕಾಯಿತು. ಅಂಕಿತಾ ಫೋಟೋವನ್ನು ಅವನ ಕೈಗೆ ಕೊಟ್ಟು, ಇದರಲ್ಲಿ ಸೀರೆ ಕೊಡುತ್ತಿರುವವರು ಯಾರು ಎಂದು ಕೇಳಿದಳು. ಅವನು ನೋಡುತ್ತಲೇ ಇದ್ದ. ಎರಡನೆಯ ಸಲ ಕೇಳಬೇಕಾಯಿತು.

"ನಮ್ಮಪ್ಪಾರು," ಎಂದ.

"ತೆಗೆದುಕೊಳ್ಳುತ್ತಿರುವವರು?"

ಅವನು ಕೊಟ್ರವ್ವನ ಕಡೆ ಒಮ್ಮೆ ನೋಡಿ, ಮತ್ತೆ ಫೋಟೋ ನೋಡಿದ. "ಕೊಟ್ರವ್ವ." ಆಮೇಲೆ ಅಂಕಿತಾ ಕೇಳಿದ್ದಕ್ಕೆಲ್ಲ ಅವನ ಉತ್ತರ ಕೆಳದನಿಯಲ್ಲಿತ್ತು. ಹೌದು, ಪರಿಚಯ ಇತ್ತು. ಹೌದು, ಕೆಲಸಕ್ಕೆ ಬರುತ್ತಿದ್ದಳು. ಅವನ ವಕೀಲರು ಕಡತ ಮುಚ್ಚಿಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಅವನು ಅಲ್ಲಾಬಕ್ಷ್‌ನನ್ನು ತಡೆದ. ಜಗಳಕ್ಕೆ ಬಂದನೇನೋ ಎಂದು ಅಂಕಿತಾ ಹತ್ತಿರ ಬಂದಳು.

"ಮೇಸ್ತ್ರಿ, ಆ ಫೋಟೋದ್ದು ಒಂದು ಕಾಪಿ ಸಿಗ್ತದಾ? ಅಪ್ಪ ನಗೋ ಫೋಟೋ ನಮ್ಮನಿಯಾಗ ಒಂದೂ ಇಲ್ಲ."

ಅಲ್ಲಾಬಕ್ಷ್ ಅವನನ್ನು ದಿಟ್ಟಿಸಿದ. ಮುಖ ತಿರುಗಿಸಿ ಹೋಗಬೇಕೆಂದೇ ಇತ್ತು. ಆದರೆ ಸೈಕಲ್ಲಿನಲ್ಲಿ ಬರುತ್ತಿದ್ದ ತಿಪ್ಪೇರುದ್ರಪ್ಪನ ಹಣೆ, ಮೂಗು, ಎಲ್ಲ ಆ ಮುಖದಲ್ಲೇ ಇತ್ತು.

"ಟೀಚರನ್ನ ಕೇಳು," ಎಂದ. "ಕೊಡ್ತಾರೆ."

ಅಂದಿನಿಂದ ಬಕ್ಕೇಶನ ಕಡೆಯ ಕೆಲಸ ಅಲ್ಲಾಬಕ್ಷ್‌ಗೆ ಬರಲಿಲ್ಲ. ಬೇರೆ ಗುತ್ತಿಗೆದಾರರೂ ಕೋರ್ಟು ಹತ್ತಿದ ಮೇಸ್ತ್ರಿ ಎಂದು ಸ್ವಲ್ಪ ದೂರ ಇಟ್ಟರು. ಅವನು ಸಣ್ಣಪುಟ್ಟ ರಿಪೇರಿ ಹಿಡಿದ. ತೀರ್ಪು ಬಂದದ್ದು ಬೇಸಿಗೆಗೆ ಮುಂಚೆ. ಕೆಲಸಕ್ಕಿದ್ದದ್ದು ಸಾಬೀತಾಗಿದೆ, ಇನ್ನು ಮೇಲೆ ತಲೆಹೊರೆಯ ಕೆಲಸ ಆಗದು ಎಂದು ಡಾಕ್ಟರು ಹೇಳಿದ್ದು ಒಪ್ಪಿಗೆಯಾಗಿದೆ, ಪರಿಹಾರವನ್ನು ಬಿದ್ದ ದಿನದಿಂದ ಬಡ್ಡಿ ಸಮೇತ ಗುತ್ತಿಗೆದಾರ ಕೋರ್ಟಿಗೆ ಕಟ್ಟಬೇಕು ಎಂದಿತ್ತು. ಬಕ್ಕೇಶ್ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಎರಡು ಕಂತಿನಲ್ಲಿ ಕಟ್ಟಿದ.

ಅಂಕಿತಾ ತೀರ್ಪಿನ ಪ್ರತಿ ತಂದು ಓದಿ ಹೇಳಿದಾಗ ಕೊಟ್ರವ್ವ ಕೇಳಿದ್ದು ಒಂದೇ. "ಗಾರಿ ಕೆಲಸದೋಳು ಅಂತ ಬರ್ದಾರಾ?"

"ಬರ್ದಾರೆ ಅಮ್ಮ. ನಾಲ್ಕು ಕಡೆ ಬರ್ದಾರೆ."

ಏಪ್ರಿಲಿನಲ್ಲಿ ಅಲ್ಲಾಬಕ್ಷ್ ಅರ್ಧ ಚೀಲ ಸಿಮೆಂಟು, ಕರಣೆ, ಮಟ್ಟಗೋಲು ಹಿಡಿದು ಬಾತಿಗೆ ಬಂದ. ಕೊಟ್ರವ್ವನ ಮನೆಯ ಮುಂದಿನ ಮೆಟ್ಟಿಲುಗಳು ಎತ್ತರವಾಗಿದ್ದವು, ಊರುಗೋಲಿನಲ್ಲಿ ಹತ್ತುವುದು ಕಷ್ಟವಾಗಿತ್ತು. ಅವನ್ನು ಒಡೆದು ಇಳಿಜಾರು ಮಾಡಿ, ಪಕ್ಕಕ್ಕೊಂದು ಕೈಗೋಡೆ ಎಬ್ಬಿಸುವುದು ಕೆಲಸ. ಕೂಲಿಯ ಮಾತು ಎತ್ತಬೇಡ ಎಂದು ಮೊದಲೇ ಹೇಳಿದ್ದ.

ಆಳು ಇರಲಿಲ್ಲ. ಮರಳು ಜರಡಿ ಹಿಡಿದು, ಸಿಮೆಂಟು ಬೆರೆಸಿ, ನಡುವೆ ಗುಂಡಿ ಮಾಡಿ ನೀರು ಹಾಕಿ ಅವನೇ ಕಲಸಿದ. ಎಷ್ಟೋ ವರ್ಷದಿಂದ ಅವನು ಗಾರೆ ಕಲಸಿರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಕೊಟ್ರವ್ವ ನೋಡುತ್ತಿದ್ದಳು.

"ನೀರು ಜಾಸ್ತಿ ಆತು ಮೇಸ್ತ್ರಿ."

"ಆಗಿಲ್ಲ ಬಿಡು."

"ಆಗೈತೆ. ಇನ್ನೊಂದು ಬೊಗಸಿ ಮರಳು ಹಾಕ್ರಿ."

ಅವನು ಹಾಕಿದ. ಕಲಸಿ, ಕರಣೆಯ ಮೇಲೆ ತೆಗೆದು ಓರೆ ಮಾಡಿದ. ಗಾರೆ ಜಾರದೆ ನಿಂತಿತು. ಅವಳು ತಂಗಿಯನ್ನು ಕರೆದು ಅವನಿಗೆ ಚಹಾ ಇಡಲು ಹೇಳಿದಳು. ಮೊದಲು ಈ ಗಾರೆ ಮುಗಿಸುತ್ತೇನೆ ಎಂದ ಅವನು.

ಸಂಜೆಯ ಹೊತ್ತಿಗೆ ಇಳಿಜಾರು ಮುಗಿಯಿತು. ಮೇಲೆ ಕಾಲು ಜಾರದ ಹಾಗೆ ಅವನು ದಾರದಿಂದ ಗೆರೆ ಹೊಡೆದ. ಏಳು ದಿನ ನೀರು ಹಾಕಬೇಕು, ಆಮೇಲೆಯೇ ಕಾಲಿಡಬೇಕು ಎಂದು ಹೇಳಿ, ಸಾಮಾನು ಚೀಲಕ್ಕೆ ತುಂಬಿ, ಬಸ್ಸಿಗೆ ಹೊರಟ. ಕೊಟ್ರವ್ವ ಕುರ್ಚಿಯಲ್ಲಿ ಕೂತೇ ಚೊಂಬಿನಿಂದ ನೀರು ಹಾಕಿದಳು, ದಿನಕ್ಕೆ ಮೂರು ಸಲ, ಒಂಬತ್ತು ದಿನ.